ಹನ್ನೊಂದು ಅಕ್ಷರದ ಅಂಗಿ

2025ರ ಜುಲೈ 31ರ ಮಧ್ಯಾಹ್ನ ನನ್ನ ಹೊಸ ಜೆರ್ಸಿ ಬಂತು. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಬೇಸ್‌ಬಾಲ್ ತಂಡದ್ದು. ಬೆನ್ನ ಮೇಲೆ 5ನೇ ನಂಬರ್, ಅದರ ಮೇಲೆ ಯಾಸ್ಟ್ರೆಮ್ಸ್ಕಿ ಅಂತ ಹೆಸರು. ಇಂಗ್ಲಿಷಿನಲ್ಲಿ ಹನ್ನೊಂದು ಅಕ್ಷರ, ಈ ಕಂಕುಳಿಂದ ಆ ಕಂಕುಳವರೆಗೆ. ತೊಟ್ಟುಕೊಂಡು ಕನ್ನಡಿ ಮುಂದೆ ಹಿಂದೆಮುಂದೆ ತಿರುಗಿದೆ. ಅವತ್ತೇ ಸಂಜೆ ಕಾಫಿ ಹೊತ್ತಿಗೆ ಸುದ್ದಿ ನೋಡಿದರೆ, ಮೈಕ್ ಯಾಸ್ಟ್ರೆಮ್ಸ್ಕಿಯನ್ನು ಕಾನ್ಸಾಸ್ ಸಿಟಿ ತಂಡಕ್ಕೆ ಕೊಟ್ಟಾಗಿತ್ತು.

ಅಂಗಡಿಗೆ ಫೋನ್ ಮಾಡಿದೆ. ಹೆಸರು ಹಾಕಿಸಿದ ಅಂಗಿ ವಾಪಸ್ ತಗೊಳಲ್ಲವಂತೆ. 'ಆಟಗಾರನೇ ಹೋಗಿಬಿಟ್ಟ ಕಣಮ್ಮಾ' ಅನ್ನುವುದನ್ನು ಇಂಗ್ಲಿಷಿನಲ್ಲಿ ಎಷ್ಟು ದೀನವಾಗಿ ಹೇಳಬಹುದೋ ಅಷ್ಟು ದೀನವಾಗಿ ಹೇಳಿದೆ. ಆ ಹುಡುಗಿ ಸಂತಾಪ ಸೂಚಿಸಿದಳು. ಅವನು ಸತ್ತ ಅಂದುಕೊಂಡಳೋ ಏನೋ.

ನಮಗೆ ಇದು ಹೊಸದಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಈಚೆ ದಡದ ಫ್ರೀಮಾಂಟ್‌ನಲ್ಲಿರುವ ನಾವು ಮೊದಲು ಓಕ್‌ಲ್ಯಾಂಡ್ ಏಸ್ (ಪೂರ್ತಿ ಹೆಸರು ಅಥ್ಲೆಟಿಕ್ಸ್) ತಂಡದವರು. 2022ರ ಮಾರ್ಚ್‌ನಲ್ಲಿ ಮ್ಯಾಟ್ ಓಲ್ಸನ್, ಮ್ಯಾಟ್ ಚಾಪ್‌ಮನ್ ಇಬ್ಬರನ್ನೂ ಎರಡೇ ದಿನದ ಅಂತರದಲ್ಲಿ ಬೇರೆ ಬೇರೆ ಊರಿಗೆ ಸಾಗಿಸಿದರು. ಎರಡೂ ಅಂಗಿ ನನ್ನ ಹತ್ತಿರ ಇದ್ದವು. ಓಲ್ಸನ್ ಈಗ ನಮ್ಮ ಅಡುಗೆಮನೆ ನೆಲ ಒರೆಸುತ್ತಾನೆ. ಚಾಪ್‌ಮನ್ ಕಥೆ ಇನ್ನೂ ಚೆನ್ನಾಗಿದೆ. ಅವನು ಟೊರಾಂಟೊ ಸುತ್ತಿಕೊಂಡು 2024ರಲ್ಲಿ ನಮ್ಮ ಕೊಲ್ಲಿಯ ಆಚೆ ದಡಕ್ಕೇ ಬಂದ, ಜೈಂಟ್ಸ್ ಸೇರಿದ. ನಂಬರ್ ಕೂಡ ಅದೇ 26. ನನ್ನ ಅಂಗಿಯಲ್ಲಿ ಹೆಸರು ಸರಿ, ನಂಬರ್ ಸರಿ, ಬಣ್ಣ ಮಾತ್ರ ಹಸಿರು. 'ಕಿತ್ತಳೆ ಡೈ ಹಾಕಿಸ್ರಿ, ಆಗುತ್ತೆ' ಅಂದಳು ಹೆಂಡತಿ.

ಈ ಸಲ ಮನೆಯಲ್ಲಿ ಮಾವನೂ ಇದ್ದರು. ತಿಪಟೂರಿನಿಂದ ಆರು ತಿಂಗಳಿಗೆ ಬಂದಿದ್ದಾರೆ. ರಿಟೈರ್ಡ್ ಹೆಡ್ ಮಾಸ್ಟರ್. ಬೇಸ್‌ಬಾಲ್‌ನಲ್ಲಿ ಬಾಲ್ ಯಾವುದು ಸ್ಟ್ರೈಕ್ ಯಾವುದು ಅನ್ನುವುದು ಅವರಿಗೆ ಇವತ್ತಿಗೂ ತಿಳಿದಿಲ್ಲ, ತಿಳಿಯುವ ಆಸೆಯೂ ಇಲ್ಲ. ಆದರೆ ಟ್ರೇಡ್ ಅಂದರೇನು, ತಂಡಗಳು ಆಟಗಾರರನ್ನು ಹೇಗೆ ಅದಲುಬದಲು ಮಾಡಿಕೊಳ್ಳುತ್ತವೆ ಅಂತ ವಿವರಿಸಿದೆ ನೋಡಿ, ಒರಗಿ ಕೂತಿದ್ದವರು ನೆಟ್ಟಗೆ ಕೂತರು.

'ಅಂದ್ರೆ ಟ್ರಾನ್ಸ್‌ಫರ್ ಅನ್ನಿ ಅಳಿಯಂದ್ರೇ. ಕೌನ್ಸೆಲಿಂಗ್ ಮಾಡಿದ್ರಾ?'

'ಇಲ್ಲ ಮಾವ, ಅವೆಲ್ಲ ಇರಲ್ಲ. ಫೋನ್ ಬರುತ್ತೆ, ಹೋಗಬೇಕು.'

'ಒಪ್ಪಲ್ಲ ಅಂದ್ರೆ?'

ಹತ್ತು ವರ್ಷ ಸರ್ವಿಸ್ ಆಗಿ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿ ಇದ್ದವನು ಒಲ್ಲೆ ಅನ್ನಬಹುದು ಅಂತ ಹೇಳಿದೆ. ಮಾವ ತೊಡೆ ತಟ್ಟಿದರು. 'ಸೀನಿಯಾರಿಟಿ ಇದೆ ಹಂಗಾದ್ರೆ! ನಿಮ್ಮ ಹುಡುಗಂದು ಎಷ್ಟಾಯ್ತು?' 2019ಕ್ಕೆ ಬಂದವನು ಅಂದೆ. ಬೆರಳು ಎಣಿಸಿ, 'ಛೇ, ಇನ್ನೂ ಸ್ವಲ್ಪ ದಿನ ತಳ್ಳಬೇಕಿತ್ತು' ಅಂದರು. ತಮ್ಮ ಕೈಕೆಳಗಿನ ಮೇಷ್ಟ್ರಿಗೇ ಅನ್ಯಾಯ ಆದಂತೆ.

ಅಲ್ಲಿಂದ ಶುರುವಾಯಿತು. ಅದೇ ವಾರ ಜೈಂಟ್ಸ್‌ನವರು ಟೈಲರ್ ರಾಜರ್ಸ್ ಎಂಬ ಬೌಲರನನ್ನು (ಪಿಚರ್ ಅಂದರೆ ಮಾವ ಸಿನಿಮಾ ಅಂದುಕೊಳ್ಳುತ್ತಾರೆ) ನ್ಯೂಯಾರ್ಕಿಗೆ ಕೊಟ್ಟರು. ಅವನಿಗೊಬ್ಬ ಅವಳಿ ಸೋದರ, ಹೆಸರು ಟೇಲರ್. ಎರಡು ವರ್ಷ ಇಬ್ಬರೂ ಇಲ್ಲೇ ಒಟ್ಟಿಗೆ ಆಡುತ್ತಿದ್ದರು. ಟೇಲರ್‌ನನ್ನು ಜನವರಿಯಲ್ಲೇ ಸಿನ್ಸಿನಾಟಿಗೆ ಕಳಿಸಿದ್ದರು. ಮಾವ ಗಂಭೀರವಾಗಿ ಕೇಳಿದರು: 'ನಮ್ಮಲ್ಲಿ ಗಂಡ-ಹೆಂಡ್ತಿ ಕೇಸ್ ಅಂತ ಒಂದೇ ಊರಿಗೆ ಹಾಕ್ತಾರೆ. ಅವಳಿ-ಜವಳಿ ಕೇಸ್ ಅಂತ ಅರ್ಜಿ ಹಾಕಕ್ಕಾಗಲ್ವಾ?'

ನಾನೂ ಸುಮ್ನಿರಲಾರದೆ 1962ರ ಹ್ಯಾರಿ ಚಿಟಿ ಕಥೆ ಹೇಳಿಬಿಟ್ಟೆ. ಕ್ಲೀವ್‌ಲ್ಯಾಂಡ್‌ನವರು ಅವನನ್ನು ನ್ಯೂಯಾರ್ಕ್ ಮೆಟ್ಸ್‌ಗೆ ಕೊಟ್ಟರು. ಬದಲಿಗೆ ಯಾರು ಅನ್ನುವುದು ಆಮೇಲೆ ಹೇಳುತ್ತೇವೆ ಅನ್ನುವ ಕರಾರು. ಕೆಲವು ವಾರ ಬಿಟ್ಟು ಮೆಟ್ಸ್‌ನವರು ಆ ಬದಲಿ ಆಟಗಾರನಾಗಿ ಚಿಟಿಯನ್ನೇ ವಾಪಸ್ ಕಳಿಸಿದರು. ತನಗೆ ತಾನೇ ಬದಲಿಯಾದ ಮನುಷ್ಯ! ನಾನು ನಗುತ್ತಿದ್ದೆ. ಮಾವ ನಗಲಿಲ್ಲ. 'ಅದು ಡೆಪ್ಯುಟೇಶನ್. ಮಾತೃ ಇಲಾಖೆಗೆ ವಾಪಸ್ ಕಳಿಸಿದಾರೆ, ಸರಿಯಾಗೇ ಇದೆ' ಅಂದು ಕಾಫಿ ಮುಗಿಸಿದರು.

ತಂಡ ಚೆನ್ನಾಗಿ ಆಡುತ್ತಿದ್ದರೆ ಇಷ್ಟೆಲ್ಲ ಬೇಜಾರಿರಲಿಲ್ಲ. ಜೈಂಟ್ಸ್‌ನವರು 2021ರಲ್ಲಿ 107 ಪಂದ್ಯ ಗೆದ್ದಿದ್ದರು. ಮುಂದಿನ ಮೂರು ವರ್ಷ 81, 79, 80. ಆಡುವುದು 162. ಪೂರ್ತಿ ಸೋತರೆ ಬೈದು ಕೈ ತೊಳೆದುಕೊಳ್ಳಬಹುದು. ಇವರದು ಮೂವತ್ತೈದಕ್ಕೆ ಪಾಸಾಗುವ ಹುಡುಗನ ಮಾರ್ಕ್ಸ್ ಕಾರ್ಡು. 2025ರ ಜೂನ್‌ನಲ್ಲಿ ಬೋಸ್ಟನ್‌ನಿಂದ ರಫಾಯೆಲ್ ಡೆವರ್ಸ್ ಎಂಬ ದೊಡ್ಡ ಹೊಡೆತಗಾರನನ್ನು ತಂದಾಗ ಮನೆಯಲ್ಲಿ ಕೇಸರಿಬಾತ್ ಮಾಡಿಸಿದ್ದೆ. ಜುಲೈ ಮುಗಿಯುವ ಹೊತ್ತಿಗೆ ಅದೇ ತಂಡ ಸಾಮಾನು ಮಾರಲು ಕೂತಿತ್ತು.

ಇನ್ನು ಏಸ್. ಫಿಲಡೆಲ್ಫಿಯಾ, ಕಾನ್ಸಾಸ್ ಸಿಟಿ ಮುಗಿಸಿ 1968ರಲ್ಲಿ ಓಕ್‌ಲ್ಯಾಂಡಿಗೆ ಬಂದವರು. ಒಮ್ಮೆ ನಮ್ಮ ಫ್ರೀಮಾಂಟಿಗೇ ಬರುತ್ತೇವೆ, ಮೈದಾನ ಕಟ್ಟುತ್ತೇವೆ ಅಂತ ಹೇಳಿ 2009ರಲ್ಲಿ ಕೈಬಿಟ್ಟರು. ಈಗ ಲಾಸ್ ವೇಗಸ್‌ನಲ್ಲಿ ಮನೆ ಕಟ್ಟಿಸುತ್ತಿದ್ದಾರೆ. ಅಲ್ಲಿಯವರೆಗೆ ಸ್ಯಾಕ್ರಮೆಂಟೊದಲ್ಲಿ, ಒಂದು ಚಿಕ್ಕ ಲೀಗಿನ ತಂಡದ ಮೈದಾನದಲ್ಲಿ ಬಿಡಾರ. ಆ ಚಿಕ್ಕ ತಂಡ ಯಾರಿಗೆ ಹುಡುಗರನ್ನು ತಯಾರು ಮಾಡಿಕೊಡುತ್ತದೆ ಗೊತ್ತಾ? ಜೈಂಟ್ಸ್‌ಗೆ! ದಾಯಾದಿ ಮನೆಯ ಔಟ್‌ಹೌಸಿನಲ್ಲಿ ಬಾಡಿಗೆಗೆ ಇದ್ದಂತೆ. ಇದೆಲ್ಲಕ್ಕಿಂತ ಮಾವನನ್ನು ಕಾಡಿದ್ದು ಇನ್ನೊಂದು. ತಂಡದ ಹೆಸರಿನ ಮುಂದೆ ಈಗ ಯಾವ ಊರೂ ಇಲ್ಲ. ಬರೀ ಅಥ್ಲೆಟಿಕ್ಸ್.

'ಇನಿಷಿಯಲ್ಲೇ ಇಲ್ವಾ?' ಅಂದರು. ಅವರ ಹೆಸರಿನ ಮುಂದೆ ಮೂರಿವೆ, ಮೊದಲನೆಯದು ಊರಿನದು.

2024ರ ಸೆಪ್ಟೆಂಬರ್ 26ಕ್ಕೆ ಓಕ್‌ಲ್ಯಾಂಡಿನ ಕಡೆಯ ಪಂದ್ಯ. ಮಗಳನ್ನು ಕರೆದುಕೊಂಡು ಬಾರ್ಟ್ ರೈಲಿನಲ್ಲಿ ಹೋಗಿದ್ದೆ. ಹಳೇ ಸಿಮೆಂಟಿನ ಕೊಲಿಸಿಯಂ, ಬೆಕ್ಕುಗಳು ಸಂಸಾರ ಹೂಡಿದ್ದ ಜಾಗ. ಒಮ್ಮೆ ಚರಂಡಿ ನೀರು ಉಕ್ಕಿ ಆಟಗಾರರ ಕೋಣೆಗೇ ನುಗ್ಗಿತ್ತು. ಅವತ್ತು 46,889 ಜನ. ಟೆಕ್ಸಸ್ ವಿರುದ್ಧ 3–2ರಿಂದ ಗೆದ್ದೆವು. ಮುಗಿದ ಮೇಲೆ ಯಾರೂ ಏಳಲಿಲ್ಲ. ಮಗಳು, 'ಅಪ್ಪಾ, ಗೆದ್ದಿದೀವಲ್ವಾ?' ಅಂದಳು. ಹೂಂ ಅಂದೆ. ಈಗಲೂ ರೈಲು ಆ ಸ್ಟೇಷನ್‌ನಲ್ಲಿ ನಿಂತಾಗ ಮೊಬೈಲ್ ನೋಡುತ್ತೇನೆ.

ಯಾಸ್ಟ್ರೆಮ್ಸ್ಕಿ ಅಂಗಿ ಮಾವನ ಪಾಲಾಯಿತು. ಪಂಚೆಯ ಮೇಲೆ ಅದನ್ನು ತೊಟ್ಟು ಬೆಳಗಿನ ವಾಕಿಂಗ್ ಹೋಗುತ್ತಾರೆ. ಪಾರ್ಕಿನಲ್ಲಿ ಯಾರೋ ಬಿಳಿಯ ಅಜ್ಜ ದಿನಾ 'ಯಾಝ್!' (ಯಾಸ್ಟ್ರೆಮ್ಸ್ಕಿಯ ಅಡ್ಡಹೆಸರು) ಅಂತ ಕೂಗಿ ಕೈ ಬೀಸುತ್ತಾನಂತೆ. ಇವರೂ 'ಎಸ್' ಅಂತ ಕೈ ಬೀಸುತ್ತಾರಂತೆ. ನಿನ್ನೆ ವಾಪಸ್ ಬಂದವರೇ ನನ್ನ ಮೀಟಿಂಗ್ ಮಧ್ಯೆ ಬಾಗಿಲು ತೆಗೆದು ಕೇಳಿದರು:

'ಅಳಿಯಂದ್ರೇ, ನಿಮ್ಮ ಹುಡುಗ ಅಲ್ಲಿ ಹೋಗಿ ರಿಪೋರ್ಟ್ ಮಾಡ್ಕೊಂಡ್ನಾ? ಟಿ.ಎ. ಬಿಲ್ ಹಾಕಕ್ಕೆ ಹೇಳಿ, ಮರೆತುಬಿಡ್ತಾರೆ.'