ಮ್ಜೀ ಮಗಳಿಗೆ ಸಿಕ್ಕ ಬ್ಯಾಂಡ್

ಸಂಜೆಯಿಂದ ಮನಸ್ಸು ಸರಿಯಿಲ್ಲ. ಬರೆಯದಿದ್ದರೆ ನಿದ್ದೆ ಬರಲ್ಲ.

ನಮ್ಮ ಗೇಟು ಕಾಯುವ ಮ್ಜೀ ಬಗ್ಗೆ ಹಿಂದೆ ಇಲ್ಲಿ ಬರೆದಿದ್ದೆ, ನೆನಪಿರಬಹುದು. (ಮ್ಜೀ ಅಂದರೆ ಸ್ವಾಹಿಲಿಯಲ್ಲಿ ಹಿರಿಯರು. ನೈರೋಬಿಗೆ ಬಂದ ದಿನದಿಂದ ಅವರನ್ನು ಹಾಗೇ ಕರೆಯೋದು.) ಅವರ ಮಗಳು ಕೆಸಿಎಸ್‌ಇ ಅನ್ನುವ ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಬಿ ಪ್ಲಸ್ ತೆಗೆದಳು. ಇಲ್ಲಿ ಡಿಗ್ರಿಗೆ ಸೇರಲು ಕನಿಷ್ಠ ಸಿ ಪ್ಲಸ್ ಬೇಕು. ಸೀಟು ಹಂಚುವುದು ಕೆಯುಸಿಸಿಪಿಎಸ್ ಅನ್ನುವ ಸರ್ಕಾರಿ ಸಂಸ್ಥೆ. ನಮ್ಮ ಸಿಇಟಿ ಥರಾನೇ ಅಂದುಕೊಳ್ಳಿ. ಕೋರ್ಸಿಗೆ ಬೇಕಾದ ನಾಲ್ಕು ವಿಷಯ ಹಿಡಿದು ಕ್ಲಸ್ಟರ್ ಪಾಯಿಂಟ್ ಲೆಕ್ಕ ಹಾಕುತ್ತಾರೆ. ಅದರ ಬಗ್ಗೆ ನನಗೆ ತಕರಾರಿಲ್ಲ. ನರ್ಸಿಂಗ್ ಸೀಟು ಸಿಕ್ಕ ದಿನ ಮ್ಜೀ ಗೇಟಿನಲ್ಲಿ ಎಲ್ಲರಿಗೂ ಸೋಡಾ ಕೊಡಿಸಿದ್ದರು.

ಇವತ್ತು ಅವಳ ಬ್ಯಾಂಡ್, ಅಂದರೆ ಫೀಸಿಗೆ ಎಷ್ಟು ನೆರವು ಅಂತ ಹೇಳುವ ವರ್ಗ, ಬಂತು. 4ನೇ ಬ್ಯಾಂಡ್.

ಇದು 2023ರಲ್ಲಿ ಬಂದ ಹೊಸ ಪದ್ಧತಿ. ಮನೆಯ ಆದಾಯ ನೋಡಿ ಮಕ್ಕಳನ್ನು ಐದು ಬ್ಯಾಂಡ್ ಮಾಡುತ್ತಾರೆ. ತೀರಾ ಬಡವರ 1ನೇ ಬ್ಯಾಂಡ್‌ಗೆ ಕೋರ್ಸಿನ ಖರ್ಚಿನಲ್ಲಿ ಶೇ. 70 ಸ್ಕಾಲರ್‌ಶಿಪ್, ಶೇ. 25 ಸಾಲ. ಮನೆಯವರು ಕೊಡಬೇಕಾದ್ದು ಶೇ. 5 ಮಾತ್ರ. 4ನೇ ಬ್ಯಾಂಡ್ ಅಂದರೆ ತಿಂಗಳಿಗೆ 70 ಸಾವಿರ ಶಿಲಿಂಗ್‌ಗಿಂತ ಜಾಸ್ತಿ ದುಡಿಯುವ ಮನೆ. ಅವರು ಶೇ. 30 ಕಟ್ಟಬೇಕು.

ಮ್ಜೀ ಸಂಬಳ 18 ಸಾವಿರ. ಊರಲ್ಲಿ ಒಂದು ತುಂಡು ಶಾಂಬಾ, ಅಂದರೆ ಹೊಲ, ಒಂದು ಹಸು. ಅವಳು 2ನೇ ಬ್ಯಾಂಡ್‌ಗೆ ಬರಬೇಕಿತ್ತು. ಕೋರ್ಸಿಗೆ ವರ್ಷಕ್ಕೆ 2 ಲಕ್ಷ ಅಂತಿಟ್ಟುಕೊಳ್ಳಿ. 2ನೇ ಬ್ಯಾಂಡ್ ಆಗಿದ್ದರೆ ಮನೆಯಿಂದ ಶೇ. 10, ಅಂದರೆ 20 ಸಾವಿರ. ಈಗ 60 ಸಾವಿರ! ಮೂರು ತಿಂಗಳ ಸಂಬಳ ಪೂರ್ತಿ ಕೊಟ್ಟರೂ ಸಾಲದು.

ಹೇಗಾಯಿತು ಇದು? ಅವಳು ಓದಿದ್ದು ಒಳ್ಳೆಯ ಬೋರ್ಡಿಂಗ್ ಸ್ಕೂಲಿನಲ್ಲಿ. ಫೀಸು ಕಟ್ಟಿದ್ದು ಚರ್ಚಿನ ಯಾರೋ ಪುಣ್ಯಾತ್ಮರು. ಅರ್ಜಿಯಲ್ಲಿ ಸ್ಕೂಲಿನ ವಿವರ ಇರುತ್ತದೆ. ಅದನ್ನು ನೋಡಿ ಅನುಕೂಲಸ್ಥರು ಅಂದುಕೊಂಡಿರಬೇಕು. ಬೇರೆ ಕಾರಣ ನನಗೆ ಹೊಳೆಯುತ್ತಿಲ್ಲ. ಯಾರೋ ಮಾಡಿದ ಉಪಕಾರ ಆ ಹುಡುಗಿಗೇ ಮುಳುವಾಯಿತಲ್ಲ, ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಒಂದು ವಿಷಯ ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ನಾನೂ ಸ್ಕಾಲರ್‌ಶಿಪ್ಪಿನಲ್ಲಿ ಓದಿದ್ದು. ಆದಾಯ ಪ್ರಮಾಣಪತ್ರಕ್ಕೆ ಅಪ್ಪ ತಾಲ್ಲೂಕು ಆಫೀಸಿಗೆ ನಾಲ್ಕು ಸಲ ಅಲೆದರು. ಕೊನೆಗೆ ಶ್ಯಾನುಭೋಗರು ಮನೆಗೇ ಬಂದರು. ಸೋರುವ ಹೆಂಚು, ಕೆಳಗಿಟ್ಟ ಬಕೆಟ್ಟು, ಎಲ್ಲ ನೋಡಿದರು. ಅಮ್ಮ ಒಳಗಿಂದ ಹೊರಗೆ ಬರಲೇ ಇಲ್ಲ. ನನಗೆ ಆ ನಾಚಿಕೆ ವರ್ಷಗಟ್ಟಲೆ ಇತ್ತು. ಆದರೆ ಒಬ್ಬ ಮನುಷ್ಯ ಬಂದು ನೋಡಿದರು, ಅಲ್ವಾ? ಮ್ಜೀ ಮನೆಯನ್ನು ಯಾರು ನೋಡಿದರು?

ಹಳೇ ಪದ್ಧತಿಯೇ ಅನ್ಯಾಯ ಅನ್ನುತ್ತಾರೆ ಕೆಲವರು. ಆಗ ಸರ್ಕಾರಿ ಸೀಟು ಸಿಕ್ಕ ಎಲ್ಲರಿಗೂ ವರ್ಷಕ್ಕೆ ಒಂದೇ ಫೀಸು, 16 ಸಾವಿರ ಶಿಲಿಂಗ್. ಸಾಹುಕಾರರ ಮಗನಿಗೂ ಅಷ್ಟೇ. ವಿಶ್ವವಿದ್ಯಾಲಯಗಳು ಸಾಲದಲ್ಲಿ ಮುಳುಗಿದ್ದೂ ನಿಜ. ಒಪ್ಪುತ್ತೇನೆ, ಇದ್ದವರು ಜಾಸ್ತಿ ಕೊಡಲಿ. ಆದರೆ ಯಾರಿಗೆ ಇದೆ, ಯಾರಿಗೆ ಇಲ್ಲ ಅಂತ ಸರಿಯಾಗಿ ನೋಡದೆ ಈ ಮಾತಿಗೆ ಏನರ್ಥ? ಇಲ್ಲಿ ಊರೂರಿಗೂ ಸರ್ಕಾರ ನೇಮಿಸಿದ ಚೀಫ್ ಇರುತ್ತಾರೆ. ಯಾರ ಮನೆಯಲ್ಲಿ ಎಷ್ಟು ಒಲೆ ಉರಿಯುತ್ತದೆ ಅಂತ ಅವರಿಗೆ ಗೊತ್ತು. ಬ್ಯಾಂಡ್ ಹಾಕುವ ಮೊದಲೇ ಅವರನ್ನು ಒಂದು ಮಾತು ಕೇಳಬಹುದಿತ್ತು.

ಮೇಲ್ಮನವಿಗೆ ಅವಕಾಶ ಇದೆ. ಈಗಷ್ಟೇ ನನ್ನ ಲ್ಯಾಪ್‌ಟಾಪಿನಲ್ಲಿ ಅವಳೇ ತುಂಬಿದಳು. ಒಂದೂ ತಪ್ಪಿಲ್ಲ. ಚೀಫ್ ಹತ್ತಿರ ಪತ್ರ ಬರೆಸಲು ಮ್ಜೀ ನಾಳೆ ರಾತ್ರಿ ಬಸ್ಸಿಗೆ ತಮ್ಮೂರು ಕಾಕಮೇಗಾಗೆ ಹೋಗುತ್ತಾರೆ. ಉತ್ತರ ಬರುವವರೆಗೆ ಹಸು ಮಾರಬೇಡಿ ಅಂದೆ. "ಸಾವಾ, ಮಮಾ" ಅಂದರು, ಆಯ್ತಮ್ಮ ಅಂತ. ನನ್ನ ಮುಖ ನೋಡಲಿಲ್ಲ.