ಸ್ಪಷ್ಟನೆ: ರೆಕ್ಕೆ ದೊಡ್ಡದಾದ ಮಾತ್ರಕ್ಕೆ ರಾಕೆಟ್ ನೆಟ್ಟಗೆ ಹಾರದು

ಮನೆಯಲ್ಲೇ ಕಟ್ಟುವ ದೊಡ್ಡ ಮಾದರಿ ರಾಕೆಟ್‌ಗೆ ರೆಕ್ಕೆ ದೊಡ್ಡದಾದಷ್ಟೂ ಒಳ್ಳೆಯದು ಎಂಬ ಮಾತು ಓಡಾಡುತ್ತಿದೆ. ಇದು ಅರ್ಧಸತ್ಯ. ತೂಕದ ಕೇಂದ್ರ ಮುಂದೆ, ಗಾಳಿಯೊತ್ತಡದ ಕೇಂದ್ರ (ಗಾಳಿಯ ತಳ್ಳುವಿಕೆಯೆಲ್ಲ ಒಟ್ಟಾಗಿ ಬೀಳುವ ಬಿಂದು) ಹಿಂದೆ ಇರಬೇಕು, ದೊಡ್ಡ ರೆಕ್ಕೆ ಅದನ್ನು ಹಿಂದಕ್ಕೆ ಒಯ್ಯುತ್ತದೆ, ನಿಜ. ನಡುವೆ ಕನಿಷ್ಠ ಕೊಳವೆಯ ವ್ಯಾಸದಷ್ಟು ಅಂತರ ಬಿಡುವುದು ರೂಢಿ, 100 ಮಿ.ಮೀ. ಕೊಳವೆಗೆ 100 ಮಿ.ಮೀ. ಆದರೆ ರೆಕ್ಕೆ ಅತಿಯಾದರೆ ಅಡ್ಡಗಾಳಿ ಬಾಲವನ್ನು ತಳ್ಳುತ್ತದೆ, ಮೂತಿ ಗಾಳಿಯತ್ತ ತಿರುಗುತ್ತದೆ, ರಾಕೆಟ್ ಓರೆಯಾಗಿ ಓಡುತ್ತದೆ. ತೆಳು ಪ್ಲೈವುಡ್ಡಿನ ಅಗಲ ರೆಕ್ಕೆ ವೇಗಕ್ಕೆ ಪಟಪಟ ಅದುರಿ ಕಿತ್ತುಬರುವುದೂ ಉಂಟು.

ದಯವಿಟ್ಟು ಖಾಲಿ ರಾಕೆಟ್ ತೂಗಿ ಸಮಾಧಾನಪಡಬೇಡಿ. ಪ್ಯಾರಾಚೂಟ್, ಮೋಟಾರ್ ಎಲ್ಲ ಸೇರಿಸಿ (ಮೋಟಾರ್ ಹೊತ್ತಿಸುವ ಇಗ್ನೈಟರ್ ಮಾತ್ರ ಉಡಾವಣೆಯ ಜಾಗದಲ್ಲೇ), ಹಗ್ಗದ ಕುಣಿಕೆಯಲ್ಲಿ ಅಡ್ಡಲಾಗಿ ತೂಗುಬಿಡಿ. ಸಮತೂಕ ನಿಂತಲ್ಲಿ ಪೆನ್ಸಿಲ್ ಗುರುತು ಹಾಕಿ, ಅದೇ ತೂಕದ ಕೇಂದ್ರ. ಗುರುತು ತೀರಾ ಹಿಂದಿದ್ದರೆ ಮೂತಿಯೊಳಗೆ ತೂಕ ಸೇರಿಸಿ.