ವರ್ಷ ಹಾಳಾಯ್ತಂತೆ!

ನಿನ್ನೆ ಮದುವೆ ಊಟದಲ್ಲಿ ತಲೆ ಕೆಟ್ಟುಹೋಯಿತು. ನಮ್ಮ ಅಕ್ಕನ ಮಗಳು ಪಿಯುಸಿ ಮುಗಿಸಿದ್ದಾಳೆ. ರಾಷ್ಟ್ರೀಯ ಕಾನೂನು ವಿವಿಗಳಿಗೆ ಸೇರಲು ಬರೆಯುವ ಕ್ಲಾಟ್‌ ಪರೀಕ್ಷೆಯಲ್ಲಿ ಬೇಕಾದ ರ‍್ಯಾಂಕ್ ಬರಲಿಲ್ಲ, ಒಂದು ವರ್ಷ ಬಿಟ್ಟು ಮತ್ತೆ ಬರೆಯುತ್ತಾಳೆ. ಪಕ್ಕದ ಎಲೆಯವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಅಯ್ಯೋ, ವರ್ಷ ಹಾಳಾಯ್ತಲ್ಲಮ್ಮಾ" ಅಂದರು. ಅವಳು ತಲೆ ಬಗ್ಗಿಸಿ ಅನ್ನ ಕಲಸತೊಡಗಿದಳು.

ಏನು ಹಾಳಾಯ್ತು ಸ್ವಾಮಿ? ಕ್ಲಾಟ್‌ಗೆ ವಯಸ್ಸಿನ ಮಿತಿಯೇ ಇಲ್ಲ. ಹೀಗಂದವರ ಮಗ ಇಂಜಿನಿಯರಿಂಗ್ ಮುಗಿಸಿ, ಅದನ್ನು ಬಿಟ್ಟು ಈಗ ಬ್ಯಾಂಕ್ ಪರೀಕ್ಷೆ ಬರೆಯುತ್ತಿದ್ದಾನೆ. ಅದು ಹಾಳಲ್ಲ, "ಟ್ರೈ ಮಾಡ್ತಿದ್ದಾನೆ"!

ನಾನು ವಕೀಲ. ಈ ಹುಡುಗಿ ಬಿಡುವಿದ್ದಾಗಲೆಲ್ಲ ನನ್ನ ಜೊತೆ ತಾಲ್ಲೂಕು ಕೋರ್ಟಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ. ಮೊದಮೊದಲು ಬೇಜಾರು. "ಮಾಮ, ಇಲ್ಲಿ ಬರೀ ಡೇಟ್ ಕೊಡ್ತಾರಲ್ಲ!" ಹೌದಮ್ಮ, ಕೋರ್ಟು ಅಂದ್ರೆ ಅದೇ. ಈಗ ಪಾಟೀಸವಾಲು ಶುರುವಾದರೆ ಊಟಕ್ಕೂ ಏಳುವುದಿಲ್ಲ. ಮೊನ್ನೆ ಒಂದು ಪಾಲಿನ ಕೇಸಿನ ಪಹಣಿ ಕೈಗೆ ಕೊಟ್ಟೆ. ಮಾಲೀಕರ ಹೆಸರಿರುವ 9ನೇ ಕಾಲಂನಲ್ಲಿ ಗಂಡುಮಕ್ಕಳ ಹೆಸರಷ್ಟೇ, 11ರಲ್ಲಿ ಸೊಸೈಟಿ ಸಾಲ. "ಹೆಣ್ಣುಮಕ್ಕಳೆಲ್ಲಿ ಮಾಮ?" ಅಂದಳು. ನಾನು ಉತ್ತರ ಹೇಳಲಿಲ್ಲ. ಮಾರನೇ ದಿನ ತಾನೇ ಓದಿಕೊಂಡು ಬಂದಿದ್ದಳು: ನಮ್ಮ ರಾಜ್ಯದಲ್ಲಿ 1994ರಲ್ಲೇ, ಅಷ್ಟರಲ್ಲಿ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಬಂದಿತ್ತು, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಲ್ಲಿ ಮದುವೆಯಾದವರಿಗೂ ಸಿಕ್ಕಿತು ಅಂತ. ಇದು ಹಾಳಾದ ವರ್ಷವಂತೆ.

"ಕೋರ್ಟಲ್ಲಿ ಕೂತ್ರೆ ರ‍್ಯಾಂಕ್ ಬರುತ್ತಾ?" ಅಂತ ಕಾಮೆಂಟ್ ಹಾಕುವವರು ಇದ್ದೇ ಇದ್ದೀರಿ. ಬರುವುದಿಲ್ಲ, ಒಪ್ಪಿದೆ. 2 ಗಂಟೆಯಲ್ಲಿ 120 ಪ್ರಶ್ನೆ, ತಪ್ಪಿದರೆ ಕಾಲು ಅಂಕ ಕಟ್. ಅಭ್ಯಾಸ ಬೇಕೇ ಬೇಕು. ಬೆಳಗ್ಗೆ ಎದ್ದು ಮಾಡುತ್ತಾಳೆ. ಪ್ರಶ್ನೆಗಳೆಲ್ಲ ಉದ್ದುದ್ದ ಗದ್ಯ ಓದಿಸಿ ಕೇಳುವಂಥವು. ದಿನಾ ಪೇಪರ್ ಓದುವ ಮಕ್ಕಳಿಗೆ ಅದೇನು ಮಹಾ? ಅದಕ್ಕಾಗಿ ಹಾಸ್ಟೆಲಿನಲ್ಲಿ ಕೂಡಿಹಾಕಿ, ಲಕ್ಷಗಟ್ಟಲೆ ಸುರಿದು, ಮಗುವಿನ ಮುಖ ಬಾಡಿಸಬೇಕಾ?

ನಿಜ ಹೇಳಲಾ? ನನಗೆ ಹೊಟ್ಟೆಕಿಚ್ಚು. ಡಿಗ್ರಿ, ಲಾ ಎಲ್ಲ ಒಂದೇ ಉಸಿರಿನಲ್ಲಿ ಮುಗಿಸಿ ಕರಿ ಕೋಟು ಹಾಕಿಕೊಂಡವನು ನಾನು. ವಕಾಲತ್ತಿಗೆ ಸ್ಟಾಂಪ್ ಎಲ್ಲಿ ಹಚ್ಚಬೇಕು ಅಂತ ಕೋರ್ಟಿನ ಹೊರಗೆ ಕೂರುವ ಟೈಪಿಸ್ಟ್ ಹೇಳಿಕೊಡಬೇಕಾಯಿತು.

ಪರೀಕ್ಷೆ ಡಿಸೆಂಬರ್‌ನಲ್ಲಿ. ಅಷ್ಟರೊಳಗೆ ಅವಳಿಗೆ ಕನ್ನಡ ಟೈಪಿಂಗ್ ಕಲಿಸಬೇಕು. ನಮ್ಮಲ್ಲಿ ದಾವೆ, ಸಾಕ್ಷಿ ಹೇಳಿಕೆ ಎಲ್ಲ ಜಾಸ್ತಿ ಕನ್ನಡದಲ್ಲೇ ನಡೆಯುವುದು. ಹೇಳಿಕೊಡುವವರಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಫೀಸು ಕೊಡುತ್ತೇನೆ, ಬುದ್ಧಿಮಾತು ಬೇಡ.